ಕುರ್ಚಿ ಬಿಟ್ಟು ಏಳುವವರು

ಅಧ್ಯಕ್ಷತೆ ವಹಿಸಿರುವ ಆಸ್ಪತ್ರೆಯ ನಿರ್ದೇಶಕರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ನಿವೃತ್ತಳಾದ ಮೇಲೂ ನನ್ನನ್ನು ಮರೆಯದ ಕಂಪ್ಯೂಟರ್ ವಿಭಾಗದ ಗೆಳೆಯರೇ, ಮತ್ತು ಊಟ ಯಾವಾಗ ಎಂದು ಆಗಲೇ ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಕಂಪ್ಯೂಟರ್ ಮುಂದೆ ಕೂರುವವರು ಹೇಗೆ ನಡೆದುಕೊಳ್ಳಬೇಕು ಎಂಬ ನೀತಿಸಂಹಿತೆಯನ್ನು ನನ್ನ ಕೈಯಿಂದ ಬಿಡುಗಡೆ ಮಾಡಿಸಿದ್ದೀರಿ. ಬಹಳ ಸಂತೋಷ. ಪುಸ್ತಕ ಚೆನ್ನಾಗಿದೆ, ಕಾಗದವಂತೂ ಇನ್ನೂ ಚೆನ್ನಾಗಿದೆ. ಕೆಲಸಕ್ಕೆ ಬೇಕಿಲ್ಲದೆ ಯಾವ ರೋಗಿಯ ಮಾಹಿತಿಯನ್ನೂ ತೆರೆದು ನೋಡತಕ್ಕದ್ದಲ್ಲ ಎಂದು ಬರೆದಿದ್ದೀರಿ. ನಮ್ಮ ಕಾಲದಲ್ಲಿ ಇಂಥ ಪುಸ್ತಕ ಇರಲಿಲ್ಲ. ಹಾಗಾದರೆ ನಾವು ಹೇಗೆ ನಡೆದುಕೊಂಡೆವು? ನಮಗೆ ದೊಡ್ಡಮ್ಮ ಇದ್ದರು.

ದೊಡ್ಡಮ್ಮ ಎಂದರೆ ನಮ್ಮ ವಿಭಾಗದ ಮೊದಲ ಮುಖ್ಯಸ್ಥೆ. ಹಿಂಬದಿಯ ಕಟ್ಟಡದಲ್ಲಿ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಪಕ್ಕ ನಮ್ಮ ಕೋಣೆ. ಗೋಡೆಯಾಚೆಯಿಂದ ಬಿಸಿ ಸೋಪಿನ ವಾಸನೆ, ಈಚೆ ಕಡೆ ಹಸಿರು ಅಕ್ಷರದ ಪರದೆಗಳು, ಕಾಲು ನೆಟ್ಟಗಿಲ್ಲದ ಕುರ್ಚಿಗಳು. ಪರೀಕ್ಷೆಗಳ ಫಲಿತಾಂಶವೆಲ್ಲ ನಮ್ಮ ಬೆರಳುಗಳಿಂದಲೇ ಯಂತ್ರದೊಳಗೆ ಹೋಗಬೇಕು. ಆಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಆ ಸೋಪಿನ ವಾಸನೆಗೂ ಆಸೆಪಡುತ್ತೇನೆ.

ದೊಡ್ಡಮ್ಮನ ಪದ್ಧತಿ ಒಂದೇ. ಪರದೆಯ ಮೇಲೆ ಗೊತ್ತಿರುವವರ ಹೆಸರು ಬಂದರೆ ಮಾತಿಲ್ಲದೆ ಎದ್ದುಬಿಡಬೇಕು. ಪಕ್ಕದವರು ಬಂದು ಆ ಕುರ್ಚಿಯಲ್ಲಿ ಕೂತು ಕೆಲಸ ಮುಗಿಸಬೇಕು. ಯಾರು, ಏನು ಎಂದು ಕೇಳುವಂತಿಲ್ಲ. ಅಧ್ಯಕ್ಷರು ನಗುತ್ತಿದ್ದಾರೆ. ಹೌದು ಸ್ವಾಮಿ, ಕುರ್ಚಿಯನ್ನು ತಾವಾಗಿಯೇ ಬಿಡುವ ಜನರನ್ನು ನಾನು ಆ ಕೋಣೆಯಲ್ಲಿ ಮಾತ್ರ ಕಂಡಿದ್ದೇನೆ.

ಆದರೆ ಎದ್ದರೆ ಸಾಕು, ಅವರ ಕಡೆಯವರಿಗೆ ಯಾರಿಗೋ ಹುಷಾರಿಲ್ಲ ಎಂದು ಕೋಣೆಗೆಲ್ಲ ತಿಳಿಯುತ್ತದಲ್ಲ? ಅದಕ್ಕೂ ದೊಡ್ಡಮ್ಮನ ಬಳಿ ಉಪಾಯವಿತ್ತು. "ಸುಮ್ಮಸುಮ್ಮನೆ ಎದ್ದೇಳ್ತಾ ಇರಿ. ಯಾವುದು ನಿಜ ಅಂತ ಯಾರಿಗೂ ಗೊತ್ತಾಗಬಾರದು" ಅಂದರು. ಹೀಗೆ ದಿನವಿಡೀ ಎದ್ದು ಕೂತು, ಎದ್ದು ಕೂತು ಮಾಡುವುದನ್ನು ಕಂಡು ಹೊರಗಿನಿಂದ ಬಂದವರು ಇವರಿಗೇನಾದರೂ ತಲೆ ಕೆಟ್ಟಿದೆಯೇ ಎಂದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಫಲಿತಾಂಶ ಸೇರಿಸಲೆಂದು ತೆರೆದ ದಾಖಲೆಯಲ್ಲಿ ನನ್ನ ಅಕ್ಕನ ಹೆಸರಿತ್ತು. ಕೆಳಗಿನ ಸಾಲಿಗೆ ಕಣ್ಣು ಹೋಗುವ ಮೊದಲೇ ಎದ್ದೆ. ಪಕ್ಕದ ಗೆಳತಿ ಬಂದು ಕೂತಳು. ನಾನು ನೀರು ಕುಡಿಯುವ ನೆಪದಲ್ಲಿ ಮೂಲೆಗೆ ಹೋಗಿ ನಿಂತೆ.

ಆ ವಾರವೇ ಭಾವ ನಮ್ಮ ಮನೆಗೆ ಬಂದರು. ಅಕ್ಕ ಆಸ್ಪತ್ರೆಗೆ ಹೋಗಿ ಬಂದದ್ದು ಹೇಗೋ ಅವರಿಗೆ ಗೊತ್ತಾಗಿತ್ತು, ಯಾಕೆ ಎಂದು ಗೊತ್ತಿರಲಿಲ್ಲ. "ಕೇಳಿದ್ರೆ ಏನಿಲ್ಲ ಅಂತಾಳೆ. ನಿನಗೆ ಒಂದು ನಿಮಿಷದ ಕೆಲಸಮ್ಮ. ನೋಡಿ ಹೇಳು" ಅಂದರು. ಆಗುವುದಿಲ್ಲ, ಅವಳನ್ನೇ ಕೇಳಿ ಎಂದೆ. ನಾನು ಕೊಟ್ಟ ಕಾಫಿ ಮುಟ್ಟದೆ ಎದ್ದು ಹೋದರು. ಬಹಳ ಕಾಲ ನನ್ನ ಜೊತೆ ಮಾತು ಬಿಟ್ಟರು.

ನಾನು ನೋಡದೆ ಇದ್ದದ್ದು ನಿಯಮಕ್ಕಾಗಿಯೇ? ಈ ವೇದಿಕೆಯ ಮೇಲೆ ನಿಂತು ಹೌದು ಎನ್ನಬೇಕು. ಆದರೆ ಭಯವೂ ಇತ್ತು. ಎಷ್ಟು ಪಾಲು ನಿಯಮ, ಎಷ್ಟು ಪಾಲು ಭಯ ಎಂದು ಇವತ್ತಿಗೂ ನನಗೆ ತಿಳಿಯದು. ಇರಲಿ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ.

ಅಕ್ಕ ಮಾತ್ರ ಮೊದಲಿಗಿಂತ ಹೆಚ್ಚು ಬರತೊಡಗಿದಳು. ಭಾನುವಾರ ಬಂದರೆ ಕತ್ತಲಾಗುವವರೆಗೂ ಹೋಗುತ್ತಿರಲಿಲ್ಲ. ಚಿಕ್ಕಂದಿನ ಹಾಗೆ ಮಾತು ಮಾತಿಗೂ ಕಿತ್ತಾಡಿದೆವು, ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಇಷ್ಟು ಜೋರಾಗಿ ಜಗಳವಾಡುವವಳಿಗೆ ಏನಾಗಿದ್ದೀತು ಎಂದು ನಾನೇ ಸಮಾಧಾನ ಮಾಡಿಕೊಂಡೆ. ನನ್ನ ಬದುಕಿನಲ್ಲಿ ಅಷ್ಟು ಚೆಂದದ ಭಾನುವಾರಗಳು ಮತ್ತೆ ಬರಲಿಲ್ಲ.

ಹಾಸಿಗೆ ಹಿಡಿದ ಮೇಲೆ ಅವಳೇ ಎಲ್ಲ ಹೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ನೋಡಬಹುದಿತ್ತು, ನೋಡಲಿಲ್ಲ, ಗೊತ್ತಿದ್ದರೆ ನಿನ್ನ ಜೊತೆ ಒಂದು ದಿನವೂ ಜಗಳವಾಡುತ್ತಿರಲಿಲ್ಲ ಎಂದೆ.

"ಅದಕ್ಕೇ ಕಣೆ ಬರ್ತಿದ್ದಿದ್ದು" ಅಂದಳು. "ನಿನಗೆ ಗೊತ್ತಾಗಿರುತ್ತೆ ಅಂತ ಮೊದಲು ಹೆದರ್ಕೊಂಡೇ ಬಂದೆ. ಆಮೇಲೆ ಅಮ್ಮನ ಹೊಲಿಗೆ ಯಂತ್ರ ನಂಗೇ ಬೇಕು ಅಂತ ಜಗಳ ತೆಗೆದೆಯಲ್ಲ, ಆಗ ಧೈರ್ಯ ಬಂತು. ಸಾಯೋಳ ಹತ್ರ ಯಾರಾದ್ರೂ ಹೊಲಿಗೆ ಯಂತ್ರಕ್ಕೆ ಕಿತ್ತಾಡ್ತಾರಾ? ನಿನ್ನ ಮನೇಲಿ ನಾನು ಕಾಯಿಲೆಯವಳಾಗಿರಲಿಲ್ಲ."

ಆ ಯಂತ್ರ ಈಗ ನನ್ನ ಮನೆಯಲ್ಲಿದೆ. ಎಲ್ಲ ಮುಗಿದ ಮೇಲೆ ಭಾವನೇ ಹೊತ್ತು ತಂದು ಇಟ್ಟರು, ಕೊಟ್ಟ ಕಾಫಿ ಕುಡಿದು ಹೋದರು.

ಸಮಯ ಮೀರಿದೆ, ವಂದನೆ ಹೇಳಿ ಮುಗಿಸುತ್ತೇನೆ. ಕರೆದವರಿಗೆ, ಕೇಳಿದವರಿಗೆ ವಂದನೆಗಳು. ಇನ್ನೊಬ್ಬರಿದ್ದಾರೆ. ನನ್ನ ಕುರ್ಚಿಯಲ್ಲಿ ಕೂತು ಆ ಫಲಿತಾಂಶ ಓದಿದ ಗೆಳತಿ, ಅಲ್ಲಿ ಕಿಟಕಿಯ ಪಕ್ಕ ಕೂತಿದ್ದಾಳೆ. ತಿಂಗಳುಗಟ್ಟಲೆ ನನ್ನ ಜೊತೆ ಡಬ್ಬಿ ಬಿಚ್ಚಿ ಊಟ ಮಾಡಿದಳು. ಅಕ್ಕನ ಜಗಳಗಳನ್ನೆಲ್ಲ ನಾನು ಬಂದು ಹೇಳಿದರೆ ನನ್ನ ಜೊತೆ ನಕ್ಕಳು. ಅವಳಿಗೆ ಎಲ್ಲವೂ ಗೊತ್ತಿತ್ತು. ನನ್ನ ಭಾನುವಾರಗಳನ್ನು ನನಗೆ ಉಳಿಸಿಕೊಟ್ಟವಳು ಅವಳು. ಇಷ್ಟು ವರ್ಷ ಈ ಮಾತನ್ನು ನಾವಿಬ್ಬರೂ ಎತ್ತಿಲ್ಲ. ಇವತ್ತು ಎಲ್ಲರೆದುರು, ಮೊದಲು ಅವಳಿಗೆ, ಆಮೇಲೆ ನಿಮಗೆಲ್ಲ, ನನ್ನ ನಮಸ್ಕಾರ.