ಭಾವನ ಕಪ್ಪು ಪರದೆ

…ಅಲ್ಲಮ್ಮ, ಮೊದಲು ಆ ನಗೋದು ನಿಲ್ಲಿಸು. ಅರ್ಧ ಊರಿಗೆ ಬೆಳಿಗ್ಗೆಯಿಂದ ನೀರಿಲ್ಲ, ನಮ್ಮ ಸಾಹೇಬರು ತಲೆತುಂಬ ಸೋಪು ಹಚ್ಚಿಕೊಂಡು ಒಣ ನಲ್ಲಿ ತಿರುಗಿಸ್ತಾ ನಿಂತಿದ್ದರಂತೆ. ಇದರಲ್ಲಿ ನಗೋಕೆ ಏನಿದೆ? …ಹೂಂ, ನನಗೂ ಬಂತು ನಗು, ಇಲ್ಲ ಅನ್ನಲ್ಲ. ಫೋನಿನಲ್ಲಿ "ಕಣ್ಣು! ಅಯ್ಯೋ ಕಣ್ಣು!" ಅಂತ ಕಿರುಚಿದಾಗ ಯಾರಿಗೋ ಅಪಘಾತ ಆಯ್ತು ಅಂದುಕೊಂಡೆ. ಆದರೂ ನೀರು ಸರಬರಾಜು ಕಚೇರಿಯಲ್ಲಿ ಕೂತು ನೀರಿಲ್ಲದ್ದಕ್ಕೆ ನಗೋದು ಚೆನ್ನಾಗಿರಲ್ಲ. ಬಾಗಿಲು ಹಾಕು, ತಣ್ಣನೆ ಗಾಳಿಯೆಲ್ಲ ಹೊರಗೆ ಹೋಗ್ತಿದೆ. ಸರ್ವರ್‌ಗಳಿಗೆ ಸೆಕೆ ಆಗಬಾರದು.

ನಡೆದದ್ದು ಇಷ್ಟೇ. ಎಂದಿನ ಹಾಗೆ ಬಂದೆ, ಎಂದಿನ ಹಾಗೆ ಟೀ ಲೋಟ ಕಿಟಕಿಯಲ್ಲಿಟ್ಟೆ. ಯಾವುದೋ ಒಂದು ಸರ್ವರ್ ನಿಂತಿದೆ, ನೋಡಿ ಅಂತ ಮೇಲಿನಿಂದ ಫೋನು ಬಂತು. ಸರಿ, ನನ್ನ ಕಪ್ಪು ಪರದೆ ತೆಗೆಯೋಕೆ ಹೊರಟವನು ಸುಮ್ಮನೆ ತೆಗೀಬಾರದಿತ್ತಾ! "ನಾದಿನಿ ಡ್ಯಾಶ್‌ಬೋರ್ಡು ಮಾಡಿದ್ದಾಳಲ್ಲ, ಒಂದು ಸಲ ಅದರಲ್ಲೇ ಮಾಡೋಣ, ಹುಡುಗಿ ಖುಷಿಪಡಲಿ" ಅಂತ ಮೌಸ್ ಹಿಡಿದೆ. ನಿಂತದ್ದು ಇದೇ ಅಂತ ಒಂದು ಚುಕ್ಕಿಯ ಮೇಲೆ ಒತ್ತಿದೆ, ಕ್ಲಿಕ್ ಅಂತು. ಚೆನ್ನಾಗಿ ನಡೀತಿದ್ದ, ಪಂಪು ನಡೆಸೋ ಸರ್ವರ್ ಮಲಗಿಬಿಡ್ತು! ನಿಜವಾಗಿ ನಿಂತಿದ್ದದ್ದು ಜನರ ದೂರು ತಗೊಳ್ಳೋ ಸರ್ವರ್. ಅದಕ್ಕೇ ನೋಡು, ನೀರಿಲ್ಲ ಅಂತ ಊರಿನಿಂದ ಒಂದೇ ಒಂದು ದೂರೂ ಬರಲಿಲ್ಲ. ಎಷ್ಟು ಒಳ್ಳೆ ಜನ ಅಂದುಕೊಂಡಿದ್ದೆ…

ಮತ್ತೆ ನಗ್ತೀಯಲ್ಲ!

ಏನಂದೆ? ಎರಡು ಸಲ ಕೇಳಿತಲ್ಲ ಅಂತಾ? ಕೇಳಿತು. "ಖಚಿತವೇ?" ಅಂತ ಕೇಳಿತು, ಹೌದು ಅಂದೆ. "ನಿಜವಾಗಿಯೂ ಖಚಿತವೇ?" ಅಂತ ಕೇಳಿತು. ಹಾಗೆ ಕೇಳಿದರೆ ಯಾವ ಗಂಡಸು ಇಲ್ಲ ಅಂತಾನೆ? ನಿಮ್ಮಕ್ಕನನ್ನ ಮದುವೆಯಾಗುವಾಗಲೂ ಹೀಗೇ ಕೇಳಿದ್ದರು, ಹೌದು ಹೌದು ಅಂದೆ… ತಮಾಷೆಗಂದೆ, ಮನೆಗೆ ಹೋಗಿ ಊದಬೇಡ ಮತ್ತೆ.

ನೋಡು, ನನ್ನ ಕಪ್ಪು ಪರದೆ, ಆ ಟರ್ಮಿನಲ್ ಇದೆಯಲ್ಲ, ಅದು ಮಾತಿಗೆ ಮಾತು. ನಾನೊಂದು ಸಾಲು ಟೈಪ್ ಮಾಡ್ತೀನಿ, ಅದೊಂದು ಸಾಲು ಉತ್ತರ ಕೊಡುತ್ತೆ. ನಡೀತಿದ್ದರೆ ನಡೀತಿದೆ ಅನ್ನುತ್ತೆ, ನಿಂತಿದ್ದರೆ ನಿಂತಿದೆ ಅನ್ನುತ್ತೆ, ಅಕ್ಷರದಲ್ಲಿ, ಮರ್ಯಾದಸ್ಥರ ಹಾಗೆ. ನಿನ್ನದು? ನಾಲ್ಕು ಸರ್ವರ್‌ಗೆ ಬರೀ ನಾಲ್ಕು ಚುಕ್ಕಿ! ಬಾಯಿ ಕಟ್ಟಿದವರ ಹಾಗೆ ಬೆರಳು ತೋರಿಸಿ "ಇದು, ಅದು" ಅನ್ನೋದು ಒಂದು ಕೆಲಸವಾ?

ಆಹಾ! ಹೋದ ವರ್ಷದ್ದು ಈಗ ಯಾಕೆ ತೆಗೀತೀಯ? ಒಂದು ಸ್ಪೇಸ್, ಮಾರಾಯ್ತಿ! ಟೈಪ್ ಮಾಡಿದ ಸಾಲಿನಲ್ಲಿ ಒಂದೇ ಒಂದು ಸ್ಪೇಸ್ ಜಾಸ್ತಿ ಬಿತ್ತು, ಒಂದಿಷ್ಟು ಫೈಲು ಅಳಿಸಿಹೋಯ್ತು… ಆಯ್ತು, ಎಲ್ಲಾ ಫೈಲೂ ಅಳಿಸಿಹೋಯ್ತು. ಬ್ಯಾಕಪ್ ಇತ್ತಲ್ಲ! ಇಲ್ಲೇ ಎರಡು ದಿನ ಬೆವರು ಸುರಿಸಿ ವಾಪಸು ತಂದೆನಲ್ಲ! ಟರ್ಮಿನಲ್ ನಾನು ಹೇಳಿದ್ದನ್ನೇ ಮಾಡ್ತು. ಅಂಥಾ ವಿಧೇಯತೆ ನನಗೆ ಮನೆಯಲ್ಲೂ ಸಿಕ್ಕಿಲ್ಲ.

ಯಾಕೆ ನನ್ನ ಕಾಲು ನೋಡ್ತೀಯ? ಕಾಲುಚೀಲಕ್ಕೇನಾಗಿದೆ? ತೂತಿಲ್ಲ, ಎರಡೂ ಒಂದೇ ಜೊತೆ. …ಒಂದೇ ಜೊತೆ ಅಲ್ವಾ? ಇರಲಿ ಬಿಡು, ಬಟ್ಟೆ ತೆಗೆದಿಡೋಕೆ ಇವತ್ತು ನಿಮ್ಮಕ್ಕ ಮನೆಯಲ್ಲಿರಲಿಲ್ಲ.

ಈಗ ಕೇಳು. ಸಾಹೇಬರು ಸ್ನಾನ ಮುಗಿಸಿ ಬರ್ತಾರೆ. ಬಂದವರು ಯಾರ ತಪ್ಪು ಅಂತಲೇ ಕೇಳೋದು. ನಾವಿಬ್ಬರೂ ಒಂದೇ ಮಾತು ಹೇಳೋಣ: ಡ್ಯಾಶ್‌ಬೋರ್ಡು ಕೆಟ್ಟಿತ್ತು, ತಪ್ಪು ತೋರಿಸ್ತು. ಅಷ್ಟೇ. …ಹಾಗೆ ನೋಡಬೇಡ. ಗೊತ್ತು, ಊಟ ಬಿಟ್ಟು ಮಾಡಿದ್ದೀಯ. ತೆಗೆದುಹಾಕಿ ಅಂದುಬಿಡ್ತಾರೆ ಅಂತಲೂ ಗೊತ್ತು. ಆದರೆ ಅದು ಸರಿಯಾಗಿಯೇ ಇತ್ತು ಅಂತ ನೀನಂದರೆ ಈ ಕೋಣೆ ನನ್ನ ಕೈತಪ್ಪಿ ಹೋಗುತ್ತೆ. ಕಡತದ ವಿಭಾಗದಲ್ಲಿ ಕೂರಿಸ್ತಾರೆ, ದಾರ ಕಟ್ಟೋಕೆ. ನಿನಗೆ ಇನ್ನೂ ವಯಸ್ಸಿದೆ, ಇನ್ನೊಂದು ಮಾಡ್ತೀಯ. ನನಗೆ ಇದು ಬಿಟ್ಟರೆ ಬೇರೇನು ಬರುತ್ತೆ ಹೇಳು?

ಏನು? ಪರದೆ ಯಾಕೆ ನನ್ನ ಕಡೆ ತಿರುಗಿಸಿದೆ? …ಈಗ ಯಾವ ಚುಕ್ಕಿ ಕೆಂಪು, ಯಾವುದು ನಿಂತಿದೆ ಅಂತ ಹೇಳಬೇಕಾ? ಇದೇನು ಒಂದನೇ ಕ್ಲಾಸಾ? ಎಲ್ಲರಿಗೂ ಕಾಣುತ್ತಪ್ಪ. ಪಂಪು ನೀನು ಶುರುಮಾಡಿದೆ, ದೂರಿನದು ಇನ್ನೂ ಎದ್ದಿಲ್ಲ. ಎರಡನೇದು! ನೋಡು ಹೇಗಿದೆ, ಕೆಂಡದ ಹಾಗೆ, ಕೆಂಪಗೆ ನಿಗಿನಿಗಿ…

ಯಾಕೆ ನನ್ನ ಮುಖ ನೋಡ್ತೀಯ?

ನಗೋದೂ ನಿಲ್ಲಿಸಿಬಿಟ್ಟೆಯಲ್ಲ. …ಮೂರನೇದಾ ಹಾಗಾದರೆ? …ನಾಲ್ಕು? …ಏನಾದರೂ ಅನ್ನಮ್ಮ. ಬೈಯಿ, ಪರವಾಗಿಲ್ಲ.

…ಮಣ್ಣಿನ ಬಣ್ಣ ಕಣಮ್ಮ. ನಿನ್ನ ಕೆಂಪೂ ಹಸಿರೂ ನನ್ನ ಕಣ್ಣಿಗೆ ಎರಡೂ ಒಂದೇ, ಮಣ್ಣಿನ ಬಣ್ಣ. ಹುಟ್ಟಿದಾಗಿನಿಂದ. ರಸ್ತೆಯಲ್ಲಾದರೆ ಮೇಲಿನ ದೀಪ ಹತ್ತಿದರೆ ನಿಲ್ತೀನಿ, ಕೆಳಗಿನದು ಹತ್ತಿದರೆ ಹೋಗ್ತೀನಿ. ನೀನು ಎಲ್ಲಾನೂ ಒಂದೇ ಸಾಲಿನಲ್ಲಿ ಕೂರಿಸಿಬಿಟ್ಟೆ. ನಿಮ್ಮಕ್ಕನಿಗೂ ಗೊತ್ತಿಲ್ಲ. ಟೊಮೆಟೊ ಕಾಯಿ ತಂದಾಗಲೆಲ್ಲ, ಅಗ್ಗಕ್ಕೆ ಸಿಕ್ಕಿದ್ದು ತಂದ ಜಿಪುಣ ಅಂದುಕೊಂಡಿದ್ದಾಳೆ. ಅಂದುಕೊಳ್ಳಲಿ, ಅದೇ ವಾಸಿ…

ಕೀಬೋರ್ಡು ಯಾಕೆ ಎಳೆದುಕೊಂಡೆ? ಸಾಹೇಬರಿಗೆ ಬರೀತಿದ್ದೀಯಾ? …ಬರಿ. ನಿನ್ನದೇನೂ ತಪ್ಪಿಲ್ಲ, ಹಾಗಂತಲೇ ಬರಿ.

…ಇದೇನಿದು? ಚುಕ್ಕಿಯ ಪಕ್ಕದಲ್ಲಿ ಏನೋ ಮೂಡ್ತಿದೆ. ಅಕ್ಷರ! ತಡಿ, ತಡಿ, ಹತ್ತಿರ ಬರ್ತೀನಿ. ಮೊದಲನೇದು… ನಡೀತಿದೆ. ಎರಡನೇದು… ನಡೀತಿದೆ. ಮೂರು… ನಾಲ್ಕು…

ನಾಲ್ಕೂ ನಡೀತಿವೆ. ನೀನು ಕೇಳಿದಾಗಲೇ ಕೆಂಪು ಒಂದೂ ಇರಲಿಲ್ಲ, ಅಲ್ವಾ?