ಮೂವತ್ತು ಊಟಕ್ಕೆ ಒಂದು ಕೊಟ್ಟಿಗೆ

ಮೂವತ್ತು ಊಟಕ್ಕೆ ಒಂದು ಕೊಟ್ಟಿಗೆ! ಇದೇ ತಾನೇ ನಮ್ಮ ವ್ಯಾಪಾರ? ಇವತ್ತಿಗೆ ಮೂವತ್ತೂ ಮುಗೀತು. ತಟ್ಟೆ ನೋಡು, ಬೇಕಾದ್ರೆ ಬೆಳಕಿಗೆ ಹಿಡಿದು ನೋಡು, ಒಂದು ಚೂರು ಉಳಿಸಿಲ್ಲ. ಕೈ ಚಾಚು ಮಾಯ್ಕೆ... ಚಾಚು ಅಂದ್ನಲ್ಲ. ಅಂಗೈಗೆ ಅಂಗೈ ಹೊಡೆದು ಶುರು ಮಾಡಿದ್ದು, ಹಾಗೇ ಹೊಡೆದು ಮುಗಿಸೋಣ.

ಏನು, ಸುಮ್ಮನೆ ನಿಂತೆ? ನಿನ್ನ ಗಂಡ ಯಿಲ್ದಾನ್ನ ಈಜು ಕಲಿಸೋಕೆ ಕರ್ಕೊಂಡು ಹೋಗೋ ತನಕ ನಾನು ಕಾದಿದ್ದೇ ಇದಕ್ಕೆ. ಅಮ್ಮ ಸೋತದ್ದನ್ನ ಮಗಳು ನೋಡಬಾರದು ಅಂತ. ಅಷ್ಟು ಮರ್ಯಾದೆ ನಿನ್ನಪ್ಪನಿಗೂ ಗೊತ್ತು.

ಮರೆತಿದ್ರೆ ನೆನಪು ಮಾಡ್ತೀನಿ ಕೇಳು. ಈಸ್ಟರ್ ದಿನ, ಇದೇ ಮೇಜು. ನೀನು ಹೇಳ್ದೆ: ‘ಅಪ್ಪಾ, ಕೊನೇ ಹಸು ಮಾರಿ ನಾಲ್ಕು ವರ್ಷ ಆಯ್ತು. ಕೊಟ್ಟಿಗೆ ನನಗೆ ಕೊಡು, ಊಟದ ಮನೆ ಮಾಡ್ತೀನಿ. ಕಾಲುವೆ ದಂಡೆ ಮೇಲೆ ಸೈಕಲ್ ತುಳ್ಕೊಂಡು ಬರೋರಿಗೆ ಕಾಳು, ಸೊಪ್ಪು, ಬಾರ್ಲಿ ಬಡಿಸ್ತೀನಿ.’ ನಾನು ಏನಂದೆ? ‘ದನಗಳು ಹುಲ್ಲು ತಿಂದ ಜಾಗದಲ್ಲಿ ಮನುಷ್ಯರಿಗೂ ಹುಲ್ಲೇ ಹಾಕ್ತೀಯಾ?’ ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ, ಆಮೇಲೆ ಕೈ ಚಾಚಿದೆ. ‘ಮೂವತ್ತು ದಿನ ನನ್ನ ಅಡುಗೆ ಉಣ್ಣು. ನಡುವೆ ಮಾಂಸ ನಾಲಿಗೆಗೆ ಸೋಕಬಾರದು. ತಾಳಿದ್ರೆ ಕೊಟ್ಟಿಗೆ ಮಾತು ಜನ್ಮದಲ್ಲಿ ಎತ್ತಲ್ಲ. ತಪ್ಪಿದ್ರೆ ಬೀಗದ ಕೈ ನನ್ನದು.’ ಪಟ್ ಪಟ್ ಅಂತ ಹೊಡೆದ್ವಿ. ಅಂಗೈಗೆ ಅಂಗೈ ಬಿದ್ದ ಮೇಲೆ ಈ ಫ್ರೀಸ್‌ಲ್ಯಾಂಡಿನಲ್ಲಿ ಯಾರೂ ಹಿಂದೆ ಸರಿಯಲ್ಲ. ನಲವತ್ತು ವರ್ಷ ದನದ ಸಂತೆಯಲ್ಲಿ ಈ ನಿನ್ನಪ್ಪ ಗೊಸ್ಸೆ ಒಂದು ಕಾಗದಕ್ಕೆ ಸಹಿ ಹಾಕಿದವನಲ್ಲ!

ಹೂಂ, ಈಗ್ಲಾದ್ರೂ ಚಾಚು.

...ಯಾಕೆ ನಗ್ತೀಯ? ಇಲ್ಲ, ನಕ್ಕೆ. ತುಟಿ ಈ ಕಡೆ ಒಂಚೂರು ಹೋಯ್ತು, ನೋಡ್ದೆ.

ನಗು, ನಗು. ಏನು ಕಷ್ಟ ಪಟ್ಟಿದೀನಿ ಅಂತ ನನಗೆ ಗೊತ್ತು. ಸೋಮವಾರ ಕಂದು ಕಾಳು, ಮಂಗಳವಾರ ಸಾಸಿವೆ ಸೂಪು, ಬುಧವಾರ ಬಾರ್ಲಿ ಮಜ್ಜಿಗೆ, ಗುರುವಾರ ಇದು, ಸೊಪ್ಪು ಸೇರಿಸಿ ಹಿಚುಕಿದ ಆಲೂಗಡ್ಡೆ, ಉಳಿದ ದಿನಾನೂ ಪಕ್ಕದಲ್ಲಿ ಒಂದು ಆಲೂಗಡ್ಡೆ ಗುಡ್ಡ... ಒಂದೊಂದು ಸಂಜೆ ಆರು ಗಂಟೆ ಹೊಡೀತಿದ್ದ ಹಾಗೆ ಚರ್ಚಿನ ಗಂಟೆ ನನ್ನ ಸಾವಿಗೇ ಹೊಡೀತಿದೆ ಅನ್ನಿಸ್ತಿತ್ತು. ಅದರ ಮೇಲೆ ನಿಮ್ಮ ಆ ಭಾಷೆ ಬೇರೆ! ಮರಿಕೋಸಿಗೆ ಕರು ಅನ್ನಬೇಕು. ಬೀಟ್‌ರೂಟಿಗೆ ಕೆಂಪು ಹೋರಿ. ಹೊಟ್ಟೆಗೆ ಕಾಳು ತುಂಬಿದ ದಪ್ಪ ಮೆಣಸಿನಕಾಯಿಗೆ ಗಬ್ಬದ ಹಸು. ತರಕಾರಿಯನ್ನ ಅದರ ಸ್ವಂತ ಹೆಸರಲ್ಲಿ ಕರೆದವನು ಪಾತ್ರೆ ತೊಳೀಬೇಕು. ಹದಿಮೂರು ಸಂಜೆ ತೊಳೆದಿದೀನಿ, ಗೊತ್ತಾ? ಈ ವಯಸ್ಸಲ್ಲಿ!

ಏನು ಬೆರಳು ತೋರಿಸ್ತೀಯ? ನಾನಾ? ಹೌದಪ್ಪ, ಆ ಭಾಷೆ ನಾನೇ ಕಟ್ಟಿದ್ದು. ನೀನು ಐದು ವರ್ಷದವಳು, ಮರಿಕೋಸು ಕಂಡ್ರೆ ಮೇಜಿನ ಕೆಳಗೆ ಹೋಗ್ತಿದ್ದೆ. ‘ಇವು ಕರುಗಳು, ಮೂರು ಕೊಳ್ತೀಯಾ?’ ಅಂದೆ. ‘ಒಂದು’ ಅಂದೆ ನೀನು. ‘ಎರಡು’, ಪಟ್! ‘ಒಂದೂವರೆ’, ಪಟ್! ಒಂದೂವರೆ ಕರು ಕೊಂಡು ತಿಂದೆಯಲ್ಲ, ಅಂಗೈ ಕೆಂಪಾಗೋ ತನಕ ಚೌಕಾಸಿ ಮಾಡಿ. ಈಗ ನಿನ್ನ ಮಗಳು ನನ್ನ ಹತ್ರಾನೇ ಆಟ ಆಡ್ತಾಳೆ. ‘ಅಜ್ಜಾ, ನಿನ್ನ ಕೆಂಪು ಹೋರಿಗೆ ಹಲ್ಲಿಲ್ಲ, ಅರ್ಧ ಬೆಲೆಗೆ ಬಿಡು!’ ಅಂತ. ಎಂಟು ವರ್ಷದ ಪಿಳ್ಳೆ! ನಾಳೆ ಸಂತೆಗೆ ನನ್ನ ಜೊತೆ ಬರ್ತಾಳಂತೆ. ಕರ್ಕೊಂಡು ಹೋಗ್ತೀನಿ. ಗೆದ್ದ ಅಜ್ಜನ ಪಕ್ಕ ನಿಲ್ಲಲಿ.

ಕೈ, ಮಾಯ್ಕೆ.

ಅಲ್ಲಾ, ಈ ನಾಯಿ ನೋಡು, ಟೊಮ್ಮೆ! ನಾನು ಸೊರಗಿ ಸೊಂಟಪಟ್ಟಿಗೆ ಎರಡು ತೂತು ಹೊಸದಾಗಿ ಹೊಡೆಸಿದ್ರೆ ಇದು ಪೀಪಾಯಿ ಥರ ಆಗಿದೆ. ನಿನ್ನ ಕಾಳು ನಾಯಿಗೆ ಒಗ್ಗಿತು, ಮನುಷ್ಯನಿಗೆ ಒಗ್ಗಲಿಲ್ಲ.

ಏನು ಹುಡುಕ್ತೀಯ ಆ ಕಪಾಟಲ್ಲಿ? ಓ, ಜಗ್ಗು. ನಿನ್ನ ಅಣಬೆ ಸಾರಿನ ಜಗ್ಗು. ಬೇಡ, ಬೇಡ, ಮೂವತ್ತು ಸಂಜೆ ಬೇಡ ಅಂದಿದೀನಿ, ಇವತ್ತೂ ಬೇಡ. ಬೂಟು ತೊಳೆದ ನೀರು! ಆಲೂಗಡ್ಡೆ ಗುಡ್ಡದ ನಡುವೆ ಚಮಚದ ಬೆನ್ನಿನಿಂದ ಕುಳಿ ಮಾಡೋದು ಯಾಕೆ? ಮಾಂಸ ಹುರಿದ ಸಾರು ಹಾಕೋಕೆ. ನನ್ನಪ್ಪ ಮಾಡಿದ, ಅವನಪ್ಪ ಮಾಡಿದ. ಆ ಕುಳಿಗೆ ಅಣಬೆ ನೀರು ಹುಯ್ಯೋಕೆ ನಾಚಿಕೆ ಆಗಲ್ವಾ? ನಾನು ಖಾಲಿ ಕುಳಿ ಉಂಡೆ. ಮೂವತ್ತು ಸಂಜೆ ಖಾಲಿ ಕುಳಿ! ಇದಕ್ಕಿಂತ ತಪಸ್ಸು ಬೇಕಾ?

...ಏನು ಹಾಗೆ ನೋಡ್ತೀಯ?

ಕಿಟಕಿ ಕಡೆ ತಿರುಗಿ ಕೂತ್ಕೋತಿದ್ದೆ, ಹೌದು. ಕಾಲುವೆ ನೋಡ್ತಾ ಉಂಡ್ರೆ ಹೊಟ್ಟೆಗೆ ಸಮಾಧಾನ. ಆರು ಗಂಟೆಗೆ ಐದು ನಿಮಿಷ ಇರೋವಾಗ ಹಿತ್ತಿಲ ಬಾಗಿಲಿಗೆ ಹೋಗ್ತಿದ್ದದ್ದು ಮೋಡ ನೋಡೋಕೆ. ದನದವನು ಮೋಡ ನೋಡದೆ ಉಣ್ಣಲ್ಲ. ನೀನು ಕೇಳಲಿಲ್ಲ, ನಾನೇ ಹೇಳ್ದೆ... ಯಾಕೆ ಹೇಳ್ದೆ ನಾನು?

ಎಲ್ಲಿಗೆ ಹೊರಟೆ? ಹಿತ್ತಿಲಿಗಾ? ಅಲ್ಲೇನಿದೆ? ಅಲ್ಲಿ ನನ್ನ ಹಳೇ ಮರದ ಜೋಡು... ಮಾಯ್ಕೆ! ಆ ಜೋಡು ಮುಟ್ಟಬೇಡ, ಅದರಲ್ಲಿ ಇಲಿ ಮರಿ ಹಾಕಿದೆ!

ಹೂಂ. ಅದು... ಅದೊಂದು ಶೀಸೆ. ಗೊರಸಿಗೆ ಹಚ್ಚೋ ಮುಲಾಮು. ಹಸು ಇಲ್ಲ ಅಂದ್ರೆ ಮುಲಾಮು ಇರಬಾರದಾ? ಮೂಸಬೇಡ. ಮುಚ್ಚಳ ತೆಗೀಬೇಡ ಅಂದ್ನಲ್ಲ... ಮುಚ್ಚಳದ ಮೇಲೆ ಡುರ್ಕನ ಅಂಗಡಿ ಚೀಟಿ, ಹೌದು, ಕಣ್ಣಿದೆ ನನಗೂ. ಕಸಾಯಿ ಡುರ್ಕ ಮುಲಾಮು ಮಾರಬಾರದಾ?

ಹೀಗೆ ಸುಮ್ಮನಿರಬೇಡ. ಬೈಯಿ, ಕೂಗಾಡು. ಇದು ನಾನೇ ಕಲಿಸಿದ್ದು ನಿನಗೆ. ‘ಎದುರಿನವನು ಮಾತಾಡ್ತಾ ಇದ್ರೆ ನೀನು ಬಾಯಿ ಬಿಡಬೇಡ, ಅವನ ಬೆಲೆ ತಾನಾಗೇ ಇಳಿಯುತ್ತೆ’ ಅಂತ. ನನ್ನ ಮೇಲೇ ಪ್ರಯೋಗಾನಾ?

ಆಯ್ತು! ಆಯ್ತು ಮಾರಾಯ್ತಿ! ದನದ ಮಾಂಸದ ಸಾರು. ಡುರ್ಕನದ್ದು. ವಾರಕ್ಕೊಂದು ಶೀಸೆ. ನೀವೆಲ್ಲ ಕರು, ಹೋರಿ ಅಂತ ಕೈ ಹೊಡೀತಾ ಇರೋವಾಗ ಎರಡು ಚಮಚ ಕುಳಿಗೆ ಹುಯ್ದು ಮೇಲೆ ಆಲೂಗಡ್ಡೆ ಮುಚ್ಚಿಬಿಡ್ತಿದ್ದೆ. ಮೂವತ್ತು ಸಂಜೆಯೂ. ಸಾಕಾ? ಸಾರು ಮಾಂಸ ಅಲ್ಲ ಅಂತ ವಾದ ಮಾಡಬಹುದಿತ್ತು, ಮಾಡಲ್ಲ. ಅಷ್ಟು ಕೀಳು ಅಲ್ಲ ನಾನು. ನಾಳೆ ಮಾಡ್ತೀನೇನೋ.

ಸೋತೆ. ಗೂಟದಲ್ಲಿದೆ ಬೀಗದ ಕೈ. ತಗೋ.

...ತಗೋ ಅಂದೆ. ಯಾಕೆ ತಗೊಳ್ಳಲ್ಲ?

ಇನ್ನೇನು ತರ್ತಿದೀಯ? ನಾಯಿ ಬುಟ್ಟಿಯಿಂದ... ಇವು ನಾಲ್ಕು ಖಾಲಿ ಡಬ್ಬ. ನಾಯಿ ನೆಕ್ಕಿದ ಡಬ್ಬ. ಒಳಗೆ ಸುತ್ತ ಕೊಬ್ಬು ಅಂಟಿದೆ. ಇದು ಡುರ್ಕನ ಸಾರಿನ ವಾಸನೆ. ಅಂದ್ರೆ ನನ್ನ ಶೀಸೆ ಸಾರನ್ನ ಡಬ್ಬಕ್ಕೆ ಸುರಿದು ಟೊಮ್ಮೆಗೆ... ಅದಕ್ಕೇ ಇದು ಪೀಪಾಯಿ! ಹಾಗಾದ್ರೆ ಶೀಸೆಯಲ್ಲಿ...

ತಡಿ. ಕೊಡು ಇಲ್ಲಿ. ಮೂಸ್ತೀನಿ. ಇದು... ಈ ಜಗ್ಗೂ... ಎರಡೂ ಒಂದೇ! ಅಣಬೆ. ಸುಟ್ಟ ಈರುಳ್ಳಿ. ಯಾವತ್ತಿಂದ? ಮೂರನೇ ವಾರದಿಂದ? ಎರಡನೇ? ಬೆರಳು ಸರಿಯಾಗಿ ಎತ್ತು. ಒಂದು. ಒಂದು ಅಂದ್ರೆ ಮೊದಲನೇ ದಿನ. ಮೊದಲನೇ ದಿನದಿಂದ ನಾನು ಕದ್ದು ಕದ್ದು ಹುಯ್ಕೊಂಡಿದ್ದು ನಿನ್ನ ಬೂಟು ತೊಳೆದ ನೀರು!

ಹಾ! ಹಾಗಾದ್ರೆ ಗೆದ್ದೆ! ನಾನೇ ಗೆದ್ದೆ ಮಾಯ್ಕೆ! ಮೂವತ್ತು ದಿನ ಮಾಂಸ ನಾಲಿಗೆಗೆ ಸೋಕಿಲ್ಲ, ನೀನೇ ಸಾಕ್ಷಿ! ಕದಿಯೋಕೆ ಹೋದವನು ಪ್ರಾಮಾಣಿಕನಾಗಿ ಬಂದ. ಬೀಗದ ಕೈ ಗೂಟದಲ್ಲೇ ಇರಲಿ, ಕೈ ಚಾಚು, ಹೊಡಿ ಪಟ್ ಅಂತ!

...ಕ್ಯಾಲೆಂಡರ್ ಯಾಕೆ ನೋಡ್ತೀಯ? ನಾಳೆ ಶುಕ್ರವಾರ, ಸಂತೆ. ಗೊತ್ತು. ಯಿಲ್ದಾನ ಚಿಕ್ಕ ಬೂಟು ಯಾಕೆ ಬಾಗಿಲ ಹತ್ರ ಎತ್ತಿಟ್ಟೆ? ನನ್ನ ಜೊತೆ ಬರ್ತಾಳೆ, ಬರಲಿ. ಅವಳು ಬಂದ್ರೆ...

ಅಯ್ಯೋ.

ಅವಳಿಗೂ ಗೊತ್ತಾ? ಡಬ್ಬ ನೆಕ್ಕಿಸ್ತಿದ್ದದ್ದು ಅವಳೇನಾ? ಮೂವತ್ತು ಸಂಜೆ ನನ್ನ ಪಕ್ಕದಲ್ಲೇ ಕೂತು ‘ಅಜ್ಜಾ, ಹೋರಿಗೆ ಹಲ್ಲಿಲ್ಲ’ ಅಂತಿದ್ದಳಲ್ಲ, ಆ ಪಿಳ್ಳೆ?

ಕೂತ್ಕೋ ಮಾಯ್ಕೆ. ಒಂದು ನಿಮಿಷ. ನಿನಗೊಂದು ವಿಷಯ ಗೊತ್ತಿಲ್ಲ... ಗೊತ್ತಿರಬಹುದು. ಮೂರು ವಾರದ ಹಿಂದೆ ಸಂತೆಯಲ್ಲಿ, ಹದಿನೈದು ಜನ ದನದವರ ಮುಂದೆ, ನಾನು ಡುರ್ಕನ ಬೆನ್ನು ತಟ್ಟಿದೆ. ‘ನಿನ್ನ ಜೀವಮಾನದಲ್ಲಿ ಇಂಥ ಸಾರು ಮಾಡಿಲ್ಲ ನೀನು, ಕಣ್ಣು ಕಟ್ಟಿ ಕೊಡು, ಯಾವ ತಳಿ ದನ ಅಂತ ನಾಲಿಗೆ ಮೇಲೆ ಹೇಳ್ತೀನಿ’ ಅಂದೆ. ಅವನು ಉಬ್ಬಿ ಹೋದ. ಮನೇಲಿ ಉಂಡ ರುಚಿ ನೆನೆದು ಅಲ್ಲೇ ಹೇಳಿಯೂ ಬಿಟ್ಟೆ ತಳಿ. ಕಪ್ಪು ಬಿಳಿ, ಎರಡನೇ ಕರುವಿನ ತಾಯಿ ಅಂತ. ಅಣಬೆಗೆ! ಈ ಮಾತು ನಾಳೆ ಸಂತೆಗೆ ಹೋದ್ರೆ ನಾನು ಮತ್ತೆ ಯಾವ ಹಸುವಿನ ಮೈ ಮುಟ್ಟಿ ಬೆಲೆ ಹೇಳಲಿ? ಈಗಲೂ ಹೊಸಬರು ನನ್ನ ಕೇಳದೆ ಕೊಳ್ಳಲ್ಲ, ಗೊತ್ತಲ್ಲ ನಿನಗೆ. ಉಳಿದಿರೋದು ಅದೊಂದೇ.

ಸರಿ. ವ್ಯಾಪಾರ ಮಾತಾಡೋಣ. ಬಾಯಿ ಮುಚ್ಚೋಕೆ ನಿನಗೇನು ಬೇಕು? ಕೊಟ್ಟಿಗೇಲಿ ಕಾಲುವೆ ಕಡೆ ಅರ್ಧ ತಗೋ.

...ಅರ್ಧ ಸಾಲದಾ? ಮುಕ್ಕಾಲು. ಹುಲ್ಲಿನ ಅಟ್ಟ ನನಗೆ ಬಿಡು.

ಅಟ್ಟವೂ? ತಗೋ ಅಟ್ಟ. ತೂಕದ ಕಲ್ಲು ಇರೋ ಮೂಲೆ ಒಂದು... ಹೀಗೆ ನೋಡಬೇಡ! ಇದೇ ನೋಟ ಬೀರಿ ನಾನು ಎಷ್ಟು ಜನರ ಹಸು ಅಗ್ಗಕ್ಕೆ ಹೊಡೆದಿಲ್ಲ! ಮೂಲೆಯೂ ತಗೋ. ಪೂರ್ತಿ ತಗೋ. ಯಿಲ್ದಾ ಬಾಯಿಯೂ ಇದರಲ್ಲೇ ಸೇರ್ತು. ಅವಳಿಗೆ ಬೇರೆ ಕೊಡಲ್ಲ.

ಆಹಾ, ಈಗ ಬಂತು ನೋಡು ಕೈ. ಎಷ್ಟು ಹೊತ್ತಿಂದ ಎಲ್ಲಿ ಅಡಗಿಸಿಟ್ಟಿದ್ದೆ? ಪಟ್! ಇನ್ನೊಂದು. ಪಟ್! ಮುಗೀತು.

ಗೆದ್ದ ಕೊಟ್ಟಿಗೇನ ಸೋತವಳಿಗೆ ಕೊಟ್ಟೆ. ನನ್ನ ಸಂತೆಯಲ್ಲಿ ಇಂಥ ವ್ಯಾಪಾರ ಮಾಡಿದವನನ್ನ ವಾರವೆಲ್ಲ ಆಡ್ಕೊಂಡು ನಗ್ತಿದ್ವಿ. ಹೋಗಲಿ, ಬಂದದ್ದು ಏನು ಅಂತಲೂ ನೋಡಬೇಕಲ್ಲ. ಸೊಂಟಪಟ್ಟಿಗೆ ಎರಡು ತೂತು. ನಾಯಿ ಮೇಲೆ ಆರು ಕಿಲೋ. ನಿನ್ನ ಊಟದ ಮನೆಯಲ್ಲಿ ಕಿಟಕಿ ಪಕ್ಕ ಒಂದು ಕುರ್ಚಿ, ಅದು ನನ್ನದು, ಈಗಲೇ ಹೇಳ್ತೀನಿ. ಚೌಕಾಸಿ ಬಲ್ಲ ಒಬ್ಬ ಮಗಳು. ಮತ್ತೆ... ಎಲ್ಲಿ ಆ ಜಗ್ಗು? ತಾ ಇಲ್ಲಿ. ತಟ್ಟೆಗೆ ಇನ್ನೊಂದು ಗುಡ್ಡ ಹಾಕು ಆ ಸೊಪ್ಪು ಆಲೂಗಡ್ಡೇದು. ಗೊತ್ತು, ಹೆಸರು ಹೇಳಿಬಿಟ್ಟೆ, ಪಾತ್ರೆ ನಾನೇ ತೊಳೀತೀನಿ. ಕುಳಿ ದೊಡ್ಡದು ಮಾಡ್ತೀನಿ, ತಡಿ...

ಹೂಂ, ಹುಯ್ಯಿ. ಎದುರಿಗೇ ಹುಯ್ಯಿ. ಇಷ್ಟು ಬಂತು ನನಗೆ: ಒಂದು ಕುಳಿ, ತುಂಬ.