ಮೂರನೇ ಸಲದ ಜಗಳ

ನ್ಯೂಜೆರ್ಸಿಯ ಲಾಂಡ್ರಿಯಲ್ಲಿ ಬೆಳಿಗ್ಗೆ ಬಟ್ಟೆ ಮಡಿಸುತ್ತಿದ್ದ ಅಸುಂತಾಳ ಕೈ ತಟ್ಟನೆ ನಿಂತಿತು. ಪಕ್ಕದ ಯಂತ್ರದಿಂದ ಏಪ್ರನ್ ತೆಗೆಯುತ್ತಿದ್ದವರು ತಮ್ಮ ನಿಜವಾದ ಸಂಸಾರವನ್ನೇ ತೋರಿಸಿದ ಟೀವಿ ಸರಣಿಯ ಬೇಕರಿ ಮನೆಯವರು: ಹಿರಿಸೊಸೆ ರೊಸಾಲ್ಬಾ, ಅವಳ ಅತ್ತೆ, ಪುಟ್ಟ ಮಗಳು.

“ಅಣ್ಣತಮ್ಮ ಜಗಳ ಆಡಿ ಅಂದಿದ್ದು ಟೀವಿಯವರೇ ತಾನೇ?”

“ಹೌದತ್ತೆ. ಮೊದಲನೇ ಸಲ ಇಬ್ರೂ ನಕ್ಕುಬಿಟ್ರು. ಎರಡನೇ ಸಲದ್ದು ಉಪ್ಪಿಲ್ಲದ ಬ್ರೆಡ್ಡಿನ ಹಾಗಿದೆ, ಇನ್ನೊಂದ್ಸಲ ಆಡಿ ಅಂದ್ರು ಟೀವಿಯವರು.”

“ಮೂರನೇ ಸಲ ನಿನ್ನ ಗಂಡ ತಮ್ಮನಿಗೆ, ‘ಅಪ್ಪ ಸಾಯುವಾಗ ನೀನೆಲ್ಲಿದ್ದೆ’ ಅಂದ. ಊರೆಲ್ಲ ನೋಡ್ತು.”

“ಅದೇನು ಸುಳ್ಳಲ್ಲವಲ್ಲ, ಅತ್ತೆ.”

“ಸುಳ್ಳಾಗಿದ್ರೆ ಇಷ್ಟೊತ್ತಿಗೆ ಮರೀತಿದ್ರು ಕಣೇ.”

ಇಬ್ಬರೂ ಬುಟ್ಟಿ ಎತ್ತಿಕೊಂಡು ಬಾಗಿಲಿನತ್ತ ನಡೆದರು. ಮಗು ಹಿಂದೆಯೇ ನಿಂತು ಕೇಳಿತು.

“ಅಮ್ಮಾ, ಕ್ಯಾಮೆರಾದವರು ಹೋಗಿ ವರ್ಷ ಆಯ್ತಲ್ಲ. ಅಪ್ಪ, ಚಿಕ್ಕಪ್ಪ ಜಗಳ ಯಾವಾಗ ನಿಲ್ಲಿಸ್ತಾರೆ?”